ಗೆತಾರಿಯಾ ಬಂದರಿಗೆ ಹಾಯಿದೋಣಿಯಲ್ಲಿ ಹೋಗುವುದು ಹೇಗೆ?

ಸ್ಪೇನಿನ ಉತ್ತರ ತೀರದ ಬಾಸ್ಕ್ ನಾಡಿನಲ್ಲಿ, ಗಿಪುಸ್ಕೊವಾ ಪ್ರಾಂತ್ಯಕ್ಕೆ ಸೇರಿದ ಗೆತಾರಿಯಾ ಮೂರು ಸಾವಿರಕ್ಕಿಂತ ಕಡಿಮೆ ಜನರಿರುವ ಮೀನುಗಾರರ ಊರು. ಆ ಊರು ಅಲ್ಲಿಯೇ ಏಕೆ ಹುಟ್ಟಿತೆಂಬುದು ಸಮುದ್ರದ ಕಡೆಯಿಂದ ಬಂದವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಸಾನ್ ಆಂತೊನ್ ಎಂಬ ಗುಡ್ಡದಂಥ ದ್ವೀಪವೊಂದು, ಕುಳಿತ ಇಲಿಯನ್ನು ಹೋಲುವುದರಿಂದ ‘ಗೆತಾರಿಯಾದ ಇಲಿ’ ಎಂದೇ ಹೆಸರಾಗಿ, ಪಶ್ಚಿಮ ಮತ್ತು ವಾಯವ್ಯದ ಅಲೆಗಳಿಗೆ ಬೆನ್ನೊಡ್ಡಿ ನಿಂತಿದೆ. ಅದನ್ನು ಕಲ್ಲಿನ ಕಟ್ಟೆಯಿಂದ ದಡಕ್ಕೆ ಜೋಡಿಸಲಾಗಿದ್ದು, ಅದರ ಮರೆಯಲ್ಲಿ ಬಂದರು ನೆಮ್ಮದಿಯಾಗಿದೆ.

ಮೊದಲಿಗೆ ಕಾಗದಪತ್ರ ಮತ್ತು ದೋಣಿಯ ವಿಚಾರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು; ಅಲ್ಪಾವಧಿಯ ಈ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಫ್ರಾನ್ಸಿನ ಗಡಿ ಊರಾದ ಆಂದಾಯ್‌ನಿಂದ ಹೊರಟು ಸ್ಪೇನಿಗೆ ಬಂದರೆ ಎರಡೂ ಷೆಂಗೆನ್ ದೇಶಗಳೇ ಆದ್ದರಿಂದ ಸಾಮಾನ್ಯವಾಗಿ ಗಡಿ ತಪಾಸಣೆ ಇರುವುದಿಲ್ಲ. ಆದರೂ ಪಾಸ್‌ಪೋರ್ಟ್ ಕೈಗೆಟಕುವಂತಿರಲಿ. ಬ್ರಿಟನ್ನಿನಿಂದ ನೇರವಾಗಿ ಬರುವ ದೋಣಿ, ತಪಾಸಣೆ ಬಾಕಿಯಿದೆ ಎಂದು ತಿಳಿಸುವ ಹಳದಿ ಬಾವುಟ ಏರಿಸಿ, ಬಿಲ್ಬಾವೊದಂತೆ ಗಡಿ ಪೊಲೀಸರಿರುವ ದೊಡ್ಡ ಬಂದರಿನಲ್ಲಿ ಮೊದಲು ಗಡಿ ತಪಾಸಣೆ ಮುಗಿಸಿಕೊಳ್ಳಬೇಕು. ಚಾಲಕನ ಪ್ರಮಾಣಪತ್ರವಿಲ್ಲದವರಿಗೆ ನಾಯಕನ ಸಮೇತ ದೋಣಿಯನ್ನು ಬಾಡಿಗೆಗೆ ಹಿಡಿಯುವುದೇ ಸರಿಯಾದ ದಾರಿ. ಪ್ರಮಾಣಪತ್ರವಿದ್ದರೂ ಈ ಕಡಲಿನ ಪರಿಚಯವಿಲ್ಲದಿದ್ದರೆ ಮೊದಲ ಸಲ ಸ್ಥಳೀಯ ನಾಯಕನೊಬ್ಬನನ್ನು ಜೊತೆಗಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಅದಕ್ಕೆ ಕಾರಣ ಇಲ್ಲಿನ ಗಾಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳು ಪ್ರಯಾಣಕ್ಕೆ ಅನುಕೂಲ. ಆದರೆ ಬೇಸಿಗೆಯ ಈ ದಿನಗಳಲ್ಲಿಯೂ ‘ಗಲೆರ್ನಾ’ ಎಂಬ ಗಾಳಿ ಬೀಸಬಹುದು. ದಕ್ಷಿಣದ ಒಣ ಗಾಳಿ ಬೀಸುತ್ತಿದ್ದು, ಸೆಕೆ ಏರಿ, ಕಡಲು ಎಣ್ಣೆ ಸುರಿದಂತೆ ಶಾಂತವಾಗಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಪಶ್ಚಿಮ ದಿಗಂತದಲ್ಲಿ ಕಪ್ಪನೆಯ ಮೋಡದ ಪಟ್ಟಿಯೊಂದು ಕಾಣಿಸಿಕೊಂಡು, ಕೆಲವೇ ನಿಮಿಷಗಳಲ್ಲಿ ಗಾಳಿ ಪಶ್ಚಿಮ ಅಥವಾ ವಾಯವ್ಯದಿಂದ ಬೀಸತೊಡಗಿ ಬಿರುಗಾಳಿಯಾಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿಯಷ್ಟು ಕುಸಿಯುವುದೂ ಉಂಟು. 1878ರ ಏಪ್ರಿಲ್ 20ರ ಗಲೆರ್ನಾ ಈ ಉತ್ತರ ತೀರದಲ್ಲಿ ಮುನ್ನೂರಕ್ಕೂ ಹೆಚ್ಚು ಮೀನುಗಾರರನ್ನು ನುಂಗಿತು. 1912ರ ಆಗಸ್ಟ್ 12ರ ರಾತ್ರಿ ಸತ್ತವರು 143 ಮಂದಿ. ಅವರಲ್ಲಿ ಬಹುಪಾಲು ಜನ ಬೆರ್ಮೇಯೊ ಎಂಬ ಒಂದೇ ಊರಿನವರು. ಈ ದಿನಾಂಕಗಳನ್ನು ಹೆದರಿಸಲೆಂದು ಬರೆಯುತ್ತಿಲ್ಲ. ಇಲ್ಲಿನ ಮೀನುಗಾರನೊಬ್ಬ ಬಿಸಿಲಿನ ದಿನ ಆಕಾಶ ನೋಡಿ ‘ಇಂದು ಬೇಡ’ ಎಂದರೆ ಆ ಮಾತಿನ ಹಿಂದೆ ಎಷ್ಟು ಮನೆಗಳ ನೆನಪಿದೆ ಎಂಬುದು ಹೊರಗಿನಿಂದ ಬಂದವರಿಗೆ ಗೊತ್ತಿರಬೇಕು. ಹೊರಡುವ ಮುನ್ನ ಬಾಸ್ಕ್ ಹವಾಮಾನ ಸಂಸ್ಥೆಯಾದ ಎವ್ಸ್‌ಕಾಲ್‌ಮೆಟ್‌ನ ಮುನ್ಸೂಚನೆಯನ್ನು ತಪ್ಪದೆ ನೋಡಿ. ದಕ್ಷಿಣದ ಬಿಸಿಗಾಳಿಯ ದಿನವಾದರೆ ಬೆಳಗ್ಗೆಯೇ ಹೊರಟು ಮಧ್ಯಾಹ್ನದೊಳಗೆ ಬಂದರು ಸೇರಿ. ಗಲೆರ್ನಾದ ಎಚ್ಚರಿಕೆಯಿದ್ದರೆ ಹೊರಡಲೇಬೇಡಿ.

ಎರಡನೆಯ ಲೆಕ್ಕ ಉಬ್ಬರವಿಳಿತದ್ದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಇಲ್ಲಿ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಮಂಗಳೂರು, ಮಲ್ಪೆಗಳ ಉಬ್ಬರವನ್ನು ಮಾತ್ರ ಕಂಡವರಿಗೆ ಇದನ್ನು ನಂಬುವುದು ಕಷ್ಟ. ಸ್ಥಳೀಯ ಪಟ್ಟಿಗಳಲ್ಲಿ ಉಬ್ಬರದ ಬಲವನ್ನು 20ರಿಂದ 120ರವರೆಗಿನ ಗುಣಾಂಕದಲ್ಲಿ ಕೊಟ್ಟಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಏರಿಳಿತ ಹೆಚ್ಚು. ಗೆತಾರಿಯಾದ ಹಿರಿಮೆಯೆಂದರೆ ಅದು ನದಿಯ ಅಳಿವೆಯಲ್ಲಿಲ್ಲ. ನೆರೆಯ ಓರಿಯೊ ಮತ್ತು ಸುಮಾಯಾ ಬಂದರುಗಳು ಅಳಿವೆಯೊಳಗಿವೆ; ಅಲ್ಲಿ ಹೂಳಿನ ಮೇಲೆ ಅಲೆ ಒಡೆಯುವಾಗ ಒಳನುಗ್ಗುವ ಅಪಾಯ ಏನೆಂಬುದನ್ನು ಗಂಗೊಳ್ಳಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗಾಗಿ ದಾರಿಯಲ್ಲಿ ಹವಾಮಾನ ಕೆಟ್ಟು ಆಸರೆ ಬೇಕಾದರೆ ಆ ಎರಡಕ್ಕಿಂತ ಗೆತಾರಿಯಾವನ್ನೇ ನೆಚ್ಚುವುದು ಒಳ್ಳೆಯದು.

ದಾರಿ ಉದ್ದವೇನಲ್ಲ. ಆಂದಾಯ್ ಎದುರಿನ ಒಂದಾರಿಬಿಯಾದಿಂದ ಸುಮಾರು 20 ನಾವಿಕ ಮೈಲಿ, ದೊನೋಸ್ತಿಯಾ ಅಂದರೆ ಸಾನ್ ಸೆಬಾಸ್ಟಿಯನ್ ನಗರದಿಂದ ಸುಮಾರು 10 ಮೈಲಿ. ಪೂರ್ವದಿಂದ ಬರುವಾಗ ಸರಾವ್ತ್ಸ್ ಪಟ್ಟಣದ ಉದ್ದನೆಯ ಮರಳ ದಂಡೆ ಎಡಕ್ಕೆ ಕಾಣುತ್ತದೆ; ಅದು ಮುಗಿಯುತ್ತಲೇ ಮುಂದೆ ಇಲಿಯ ಬೆನ್ನು. ಬಂದರಿನ ಬಾಯಿ ದ್ವೀಪದ ಮರೆಯಲ್ಲಿ, ಪೂರ್ವದ ಕಡೆಗಿದೆ. ಪಶ್ಚಿಮದಿಂದ ಬರುವವರು ದ್ವೀಪಕ್ಕೆ ಧಾರಾಳ ಅಂತರ ಕೊಟ್ಟು ಸುತ್ತಿಕೊಂಡು ಬರಬೇಕು. ಬಂಡೆಗೆ ಬಡಿದು ಮರಳುವ ಅಲೆ ಅಲ್ಲಿ ನೀರನ್ನು ಕದಡುತ್ತದೆ. ಒಳಬರುವಾಗ ಕೆಂಪು ದೀಪ ಎಡಕ್ಕೆ, ಹಸಿರು ಬಲಕ್ಕೆ; ನಮ್ಮ ಬಂದರುಗಳಲ್ಲಿರುವ ಪದ್ಧತಿಯೇ ಇಲ್ಲಿಯೂ. ಹಾಯಿಯನ್ನು ಹೊರಗೇ ಇಳಿಸಿ, ಎಂಜಿನ್ನಿನ ಮೇಲೆ ನಿಧಾನವಾಗಿ ಬನ್ನಿ. ಸ್ಪೇನಿನ ವಿಹಾರ ಬಂದರುಗಳು ಸಾಮಾನ್ಯವಾಗಿ ವಿಎಚ್‌ಎಫ್ ರೇಡಿಯೊದ 9ನೇ ಚಾನೆಲ್ಲಿನಲ್ಲಿ ಮಾತನಾಡುತ್ತವೆ. ಬೇಸಿಗೆಯಲ್ಲಿ ಅತಿಥಿ ದೋಣಿಗಳಿಗೆ ಜಾಗ ಬೇಗ ತುಂಬುವುದರಿಂದ ಹಿಂದಿನ ದಿನವೇ ಕೇಳಿಕೊಂಡಿರುವುದು ಲೇಸು. ಜಾಗ ಸಿಗದೆ ಪಕ್ಕದ ಮಾಲ್ಕೊರ್ಬೆ ಕಡಲತೀರದ ಎದುರು ಲಂಗರು ಹಾಕುವುದಾದರೆ, ಈಜುಗಾರರಿಗಾಗಿ ಬೋಯಾ ಎಂಬ ತೇಲುಗುರುತು ಕಟ್ಟಿರುವ ಜಾಗದೊಳಗೆ ಹೋಗಬಾರದು. ಹವೆ ಬದಲಾಗುವ ಸೂಚನೆಯಿದ್ದರೆ ರಾತ್ರಿ ಅಲ್ಲಿ ನಿಲ್ಲಬಾರದು.

ಬಂದರಿನೊಳಗೆ ಒಂದು ಮಾತನ್ನು ಮರೆಯದಿರಿ: ಇದು ಮೊದಲು ಮೀನುಗಾರರ ಧಕ್ಕೆ, ಆಮೇಲೆ ವಿಹಾರಿಗಳ ತಾಣ. ವಸಂತದಲ್ಲಿ ಪರ್ಸೀನ್ ಬಲೆಯಿಂದ ಆಂಚೊವಿ ಎಂಬ ಸಣ್ಣ ಮೀನು, ಬೇಸಿಗೆಯಲ್ಲಿ ಗಾಳದಿಂದ ಬೊನಿತೊ ಎಂಬ ಬಿಳಿ ಟ್ಯೂನಾ ಹಿಡಿಯುವ ಬೋಟುಗಳು ಹೊತ್ತುಗೊತ್ತಿಲ್ಲದೆ ಬಂದುಹೋಗುತ್ತವೆ. ಬಿಸ್ಕೆ ಕೊಲ್ಲಿಯಲ್ಲಿ ಆಂಚೊವಿಯ ಸಂತತಿ ಕುಸಿದಾಗ 2005ರಿಂದ 2010ರ ಆರಂಭದವರೆಗೆ ಅದರ ಬೇಟೆಯನ್ನೇ ನಿಲ್ಲಿಸಲಾಗಿತ್ತು. ಆ ಬರಗಾಲವನ್ನು ದಾಟಿ ಬಂದ ಕಸುಬು ಇದು. ಆದ್ದರಿಂದ ಮೀನು ಇಳಿಸುವ ಗೋಡೆಗೆ ಕೇಳದೆ ದೋಣಿ ಕಟ್ಟಬೇಡಿ, ಒಣಹಾಕಿದ ಬಲೆಯನ್ನು ತುಳಿಯಬೇಡಿ, ಹೊರಹೋಗುವ ಬೋಟಿಗೆ ದಾರಿ ಬಿಡಿ. ಬಾಸ್ಕ್ ಭಾಷೆಯಲ್ಲಿ ‘ಕೈಶೊ’ ಎಂದರೆ ನಮಸ್ಕಾರ, ‘ಎಸ್ಕೆರ್ರಿಕ್ ಅಸ್ಕೊ’ ಎಂದರೆ ಧನ್ಯವಾದ. ಗೋಡೆಗೇ ಕಟ್ಟಲು ಒಪ್ಪಿಗೆ ದೊರೆತರೆ, ಇಳಿತದಲ್ಲಿ ದೋಣಿ ಹಗ್ಗಕ್ಕೆ ತೂಗಿಬೀಳದಂತೆ ಹಗ್ಗವನ್ನು ಉದ್ದ ಬಿಡಿ. ತೇಲುವ ಕಟ್ಟೆಯಾದರೆ ಆ ಚಿಂತೆಯಿಲ್ಲ.

ಊರು ನೋಡಲು ಕಾಲ್ನಡಿಗೆ ಸಾಕು. ಬಂದರಿನಿಂದ ಮೇಲೇರುವ ದಾರಿ ಸಾನ್ ಸಾಲ್ವದೋರ್ ಚರ್ಚಿನ ಅಡಿಯಲ್ಲಿ ಸುರಂಗದಂತೆ ಹಾದುಹೋಗುತ್ತದೆ. ಚರ್ಚಿನ ನೆಲ ಸಮತಟ್ಟಾಗಿಲ್ಲದೆ ಇಳಿಜಾರಾಗಿದ್ದು, ಒಳಗೆ ನಿಂತಾಗ ಹಡಗಿನ ಅಟ್ಟದ ಮೇಲೆ ನಿಂತ ಅನುಭವವಾಗುತ್ತದೆ. ಹುವಾನ್ ಸೆಬಾಸ್ಟಿಯನ್ ಎಲ್ಕಾನೊ ಹುಟ್ಟಿದ್ದು ಈ ಊರಿನಲ್ಲಿ. 1519ರಲ್ಲಿ ಮೆಗಲನ್ ಐದು ಹಡಗುಗಳೊಂದಿಗೆ ಹೊರಟು 1521ರಲ್ಲಿ ಫಿಲಿಪ್ಪೀನ್ಸಿನಲ್ಲಿ ಹತನಾದ ಮೇಲೆ, 1522ರ ಸೆಪ್ಟೆಂಬರಿನಲ್ಲಿ ‘ವಿಕ್ಟೋರಿಯಾ’ ಎಂಬ ಒಂದೇ ಹಡಗನ್ನು, ಹದಿನೆಂಟು ಜನರನ್ನು, ಲವಂಗದ ಸರಕಿನೊಂದಿಗೆ ಸ್ಪೇನಿಗೆ ಮರಳಿ ತಂದು ಭೂಪ್ರದಕ್ಷಿಣೆ ಮುಗಿಸಿದವನು ಎಲ್ಕಾನೊ. ಭೂಪ್ರದಕ್ಷಿಣೆ ಎಂದೊಡನೆ ಲೋಕಕ್ಕೆ ಮೆಗಲನ್ನನ ಹೆಸರೇ ನೆನಪಾಗುವುದು ಗೆತಾರಿಯಾಕ್ಕೆ ಆಗಿರುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ವಸ್ತ್ರವಿನ್ಯಾಸಕ ಕ್ರಿಸ್ತೊಬಾಲ್ ಬಾಲೆನ್ಸಿಯಾಗಾ ಕೂಡ 1895ರಲ್ಲಿ ಇಲ್ಲಿಯೇ, ಹೊಲಿಗೆ ಕೆಲಸ ಮಾಡುತ್ತಿದ್ದ ತಾಯಿಯ ಮಗನಾಗಿ ಹುಟ್ಟಿದರು. 2011ರಲ್ಲಿ ತೆರೆದ ಅವರ ಸಂಗ್ರಹಾಲಯಕ್ಕೆ ಅರ್ಧ ದಿನ ಮೀಸಲಿಡಿ.

ಸಂಜೆ ಬೀದಿಯ ಬದಿಯಲ್ಲೇ ಇದ್ದಿಲ ಒಲೆಯ ಮೇಲೆ ಟರ್ಬಟ್ ಎಂಬ ಚಪ್ಪಟೆ ಮೀನನ್ನು ಇಡಿಯಾಗಿ ಸುಡುತ್ತಾರೆ. ಸುತ್ತಲ ಗುಡ್ಡಗಳ ದ್ರಾಕ್ಷಿಯಿಂದ ಮಾಡಿದ ಹುಳಿಯಾದ ಬಿಳಿ ವೈನ್ ‘ಚಾಕೊಲಿ’ಯನ್ನು ಎತ್ತರದಿಂದ ಲೋಟಕ್ಕೆ ಸುರಿಯುವುದು ವಾಡಿಕೆ. ಸಸ್ಯಾಹಾರಿಗಳು ಗೆರ್ನಿಕಾದ ಹಸಿರು ಮೆಣಸಿನಕಾಯಿ ಹುರಿದದ್ದು, ಕುರಿಹಾಲಿನ ಇದಿಯಸಾಬಲ್ ಚೀಸ್ ಕೇಳಬಹುದು. ಕಾಳಿನ ಸಾರಿಗೆ ಹಂದಿಮಾಂಸ ಹಾಕಿರುವುದೇ ಹೆಚ್ಚಾದ್ದರಿಂದ ವಿಚಾರಿಸಿಯೇ ತಿನ್ನಿ.

ಮರುದಿನ ಹೊರಡುವ ಮುನ್ನ ಸಾನ್ ಆಂತೊನ್ ದ್ವೀಪದ ಮೇಲಕ್ಕೆ ನಡೆದುಹೋಗಿ, ಪಶ್ಚಿಮದ ಕಡಲು ಹೇಗಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಶಾಂತವಾಗಿದ್ದರೆ ಸುಮಾಯಾದ ಕಡೆಗೆ ಸಾಗಬಹುದು. ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಎದ್ದುನಿಂತ ಅಲ್ಲಿನ ಬಂಡೆಗಳಲ್ಲಿ, ಡೈನೋಸಾರುಗಳು ಅಳಿದುಹೋದ ಕಾಲದ ಗೆರೆಯನ್ನೂ ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆ ಬಂಡೆಗಳನ್ನು ದೂರದಿಂದಲೇ ನೋಡಿ, ಸುಮಾಯಾದ ಅಳಿವೆಯನ್ನು ನೀರು ಏರುತ್ತಿರುವಾಗ, ಪೂರ್ಣ ಉಬ್ಬರಕ್ಕೆ ಸ್ವಲ್ಪ ಮುಂಚೆ ದಾಟಿ.