ಹಿಡಿಯುವುದು ಗೊತ್ತಿತ್ತು, ಬಿಡುವುದನ್ನು ರಗ್ಬಿ ಕಲಿಸಿತು

ನಾನು ಮಲ್ಪೆಯವನು. ಕಾಲೇಜು ಮುಗಿಯುವವರೆಗೂ ಆಡಿದ್ದು ಕಬಡ್ಡಿ. ಎಡ ಕಾರ್ನರ್‌ನಲ್ಲಿ ನಿಂತು ರೈಡರ್‌ನ ಪಾದಕ್ಕೆ ಬೀಳುವುದು ನನ್ನ ಕೆಲಸ. ಒಮ್ಮೆ ಸಿಕ್ಕಿದ ಕಾಲನ್ನು ವಿಸಿಲ್ ಆಗುವವರೆಗೆ ಬಿಟ್ಟವನಲ್ಲ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದಾಗ ರೂಮಿನ ಗೆಳೆಯ ಒಂದು ಭಾನುವಾರ ರಗ್ಬಿ ಅಭ್ಯಾಸಕ್ಕೆ ಕರೆದುಕೊಂಡು ಹೋದ. ಅಲ್ಲಿ ಆಡುತ್ತಿದ್ದದ್ದು ಸೆವೆನ್ಸ್. ಕಬಡ್ಡಿಯ ಹಾಗೇ ತಂಡಕ್ಕೆ ಏಳು ಜನ. ಆಟ ಏಳೇಳು ನಿಮಿಷದ ಎರಡು ಅವಧಿ. ಆದರೆ ಮೈದಾನ ನೂರು ಮೀಟರ್ ಉದ್ದ. ಮೊದಲ ದಿನವೇ ಉಸಿರು ಕಟ್ಟಿತು.

ಟ್ಯಾಕಲ್ ನನಗೆ ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದರು. ಕೆಡವುವುದೇನೋ ಸುಲಭವೇ. ಬಿಡುವುದೇ ಕಷ್ಟ. ರಗ್ಬಿಯಲ್ಲಿ ಚೆಂಡು ಹಿಡಿದವನನ್ನು ನೆಲಕ್ಕೆ ಬೀಳಿಸಿದ ತಕ್ಷಣ ಕೈ ಬಿಡಬೇಕು, ಪಕ್ಕಕ್ಕೆ ಉರುಳಬೇಕು. ಹಿಡಿದುಕೊಂಡೇ ಇದ್ದರೆ ಎದುರಾಳಿಗೆ ಪೆನಾಲ್ಟಿ. ಬೇಗ ಬಿಟ್ಟು ಎದ್ದವನಿಗೆ ಲಾಭವೂ ಇದೆ. ಎದ್ದು ನಿಂತು, ತನ್ನ ತಂಡದ ಕಡೆಯಿಂದಲೇ ಬಂದು ಚೆಂಡಿಗೆ ಕೈ ಹಾಕಬಹುದು. ಇದೆಲ್ಲ ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಆರು ತಿಂಗಳು ನನ್ನಿಂದ ಎದುರಾಳಿಗೆ ಬರೀ ಪೆನಾಲ್ಟಿ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಒಂದು ಪಂದ್ಯದಲ್ಲಿ ಹಳೆ ಅಭ್ಯಾಸದಂತೆ ಎದುರಾಳಿಯ ಪಾದಕ್ಕೆ ಹಾರಿದೆ. ತಲೆ ಅವನ ಕಾಲಿನ ಮುಂದೆ ಹೋಯಿತು. ಓಡುತ್ತಿದ್ದವನ ಮೊಣಕಾಲು ಕಿವಿಯ ಮೇಲೆ ಬಡಿಯಿತು. ಏನೂ ಆಗಿಲ್ಲ, ಆಡುತ್ತೇನೆ ಅಂದೆ. ಕೋಚ್ ಕೇಳಲಿಲ್ಲ, ಹೊರಗೆ ಕರೆದರು. ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ ಆ ದಿನ ಮತ್ತೆ ಇಳಿಯುವ ಹಾಗಿಲ್ಲ. ಎರಡು ದಿನ ಬೆಳಕು ನೋಡಿದರೆ ಸಾಕು, ತಲೆ ಸಿಡಿಯುತ್ತಿತ್ತು. ಮೂರು ವಾರ ಯಾರ ಮೈಯನ್ನೂ ಮುಟ್ಟದೆ ಕೂತೆ. ಅವತ್ತು ಅವರು ನನ್ನ ಮಾತು ಕೇಳದೇ ಇದ್ದದ್ದಕ್ಕೆ ಇವತ್ತಿಗೂ ಋಣಿ.

ಆಮೇಲೆ ಊರಿಗೆ ಬಂದು ಮೊದಲಿಂದ ಕಲಿತೆ. ಇಳಿತದ ಹೊತ್ತಿಗೆ ಮಲ್ಪೆ ಬೀಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಬಿದ್ದರೂ ಅಷ್ಟು ನೋವಾಗುವುದಿಲ್ಲ. ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ. ಕಣ್ಣು ಎದುರಾಳಿಯ ಸೊಂಟದ ಮೇಲೆ. ಕೊನೆಯ ಹೆಜ್ಜೆ ಅವನ ಪಾದದ ಹತ್ತಿರ. ಭುಜ ತೊಡೆಗೆ ತಾಗಬೇಕು, ಕೆನ್ನೆ ಅವನ ಹಿಂಬದಿಗೆ ಅಂಟಬೇಕು, ತಲೆ ಯಾವತ್ತೂ ಮುಂದೆ ಹೋಗಬಾರದು. ಎರಡೂ ಕೈ ಸುತ್ತಿ ಕಾಲಿನಿಂದ ತಳ್ಳಬೇಕು. ಬಿದ್ದ ಕೂಡಲೇ ಬಿಡಬೇಕು. ದಿನಕ್ಕೆ ಐವತ್ತು ಸಲ, ತಮ್ಮನ ಜೊತೆ. ಮಳೆಗಾಲದಲ್ಲಿ ಬೀಚ್ ಬೇಡ, ಉಡುಪಿಯ ಅಜ್ಜರಕಾಡು ಮೈದಾನಕ್ಕೆ ಹೋಗುತ್ತಿದ್ದೆವು. ಆ ಮಳೆಯಲ್ಲಿ ಜಾರುವ ಚೆಂಡು ಹಿಡಿದು ಅಭ್ಯಾಸವಾದ ಮೇಲೆ ಬೇರೆಲ್ಲೂ ಚೆಂಡು ಕೈ ತಪ್ಪುವುದು ಕಡಿಮೆಯಾಯಿತು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ನಾವು ಆಡುವ ರಗ್ಬಿ ಪ್ರಕಾರವಾದ ಯೂನಿಯನ್‌ನಲ್ಲಿ ಆಟಗಾರರಿಗೆ ಸಂಬಳ ಕೊಡಬಹುದು ಅಂತ ಆದದ್ದೇ 1995ರಲ್ಲಿ. ನಮ್ಮಲ್ಲಿ ಬರೀ ರಗ್ಬಿ ನಂಬಿ ಮನೆ ನಡೆಸಿದವರನ್ನು ನಾನು ಹೆಚ್ಚು ಕಂಡಿಲ್ಲ. ನನಗೆ ಟೂರ್ನಿಗಳಲ್ಲಿ ಭತ್ಯೆ ಸಿಗುತ್ತಿತ್ತು, ಬಾಡಿಗೆ ಕಟ್ಟಿದ್ದು ಜಿಮ್ ಕೆಲಸದಿಂದ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಆರು ತಂಡಗಳ ರಗ್ಬಿ ಪ್ರೀಮಿಯರ್ ಲೀಗ್ ಶುರುವಾದಾಗ ನನ್ನ ಕಾಲ ಮುಗಿದಿತ್ತು. ಬೆಂಗಳೂರಿನ ಹೆಸರಲ್ಲೂ ಒಂದು ತಂಡ ಇಳಿದದ್ದು ನೋಡಿ ಕಣ್ಣು ತುಂಬಿತು.

ಈಗ ಬೆಳಿಗ್ಗೆ ಬೀಚಿನಲ್ಲಿ ಎಂಟು ಹುಡುಗರಿಗೆ ಹೇಳಿಕೊಡುತ್ತೇನೆ. ಒಬ್ಬ ನನ್ನ ಹಾಗೇ ಎಡ ಕಾರ್ನರ್‌ನವನು. ಎಷ್ಟು ಚಂದ ಕೆಡವುತ್ತಾನೆ! ಆದರೆ ಕೈ ಬಿಡುವುದಿಲ್ಲ. ನಿನ್ನೆ ಮೊದಲ ಸಲ, ನಾನು "ಬಿಡು ಮಾರಾಯ" ಅಂತ ಕೂಗುವ ಮುಂಚೆಯೇ ಬಿಟ್ಟು ಎದ್ದು ನಿಂತ. ಚೆಂಡು ಅವನ ಕೈಯಲ್ಲಿತ್ತು.