ಲೈವ್ ಬಿಟ್ಟು ರೆಕಾರ್ಡಿಂಗ್ ಹಿಡಿದ ಮೇಲೆ: ಬೀದರಿನ ನಮ್ಮ ಕ್ರೈಸ್ತ ಸಭೆಯ ಭಾನುವಾರದ ಆರಾಧನೆ

ಲೈವ್ ಇಲ್ಲದಿದ್ದರೆ ಯಾರೂ ನೋಡುವುದಿಲ್ಲ ಎಂದು ಕಮಿಟಿಯಲ್ಲಿ ಎಲ್ಲರದೂ ಒಂದೇ ಮಾತು. ಆದರೆ ನೋಡಬೇಕಾದವರು ಯಾರು? ಹೈದರಾಬಾದ್, ಪುಣೆ, ಗಲ್ಫ್‌ಗೆ ದುಡಿಯಲು ಹೋದವರು, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಹಿರಿಯರು. ಅವರಿಗೆ ಬೇಕಾದದ್ದು ಪ್ರಸಂಗದ (ಸಭಾಪಾಲಕರ ಬೋಧನೆಯ) ಒಂದೊಂದು ಮಾತೂ ತಿಳಿಯುವ ಧ್ವನಿ. ರೆಕಾರ್ಡ್ ಮಾಡಿ ಅದೇ ಮಧ್ಯಾಹ್ನ ಮೂರರೊಳಗೆ ಯೂಟ್ಯೂಬಿಗೆ ಹಾಕುತ್ತೇನೆ ಎಂದು ಪಟ್ಟು ಹಿಡಿದೆ. ವರ್ಷದ ಮೇಲಾಯಿತು, ಒಂದು ಈಸ್ಟರ್ ಬಿಟ್ಟರೆ ಒಂದು ವಾರವೂ ತಪ್ಪಿಲ್ಲ. ಅದಕ್ಕೂ ಮುಂಚೆ ಆರು ಭಾನುವಾರ ಲೈವ್ ಹಾಕಿ ನೋಡಿದ್ದೆವು, ನಾಲ್ಕು ಸಲ ನಡುವೆಯೇ ಕಡಿಯಿತು. 720ಪಿ ಲೈವ್‌ಗೆ 3 ಎಂಬಿಪಿಎಸ್‌ನಷ್ಟು ಅಪ್‌ಲೋಡ್ ಒಂದೂವರೆ ತಾಸು ಒಂದೇ ಸಮ ಬೇಕು. ಫೋನಿನ ಹಾಟ್‌ಸ್ಪಾಟ್ ಅಷ್ಟು ಹೊತ್ತು ನಿಲ್ಲಲಿಲ್ಲ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ವೈಫೈ ಕ್ಯಾಮೆರಾ 3 ಸಾವಿರ, ಕಾಲರ್ ಮೈಕ್ 2 ಸಾವಿರದ ಹತ್ತಿರ, ಯುಎಸ್‌ಬಿ ಸೌಂಡ್ ಕಾರ್ಡ್ ಇನ್ನೊಂದು ಸಾವಿರ. ಮೂರೂ ಈಗ ಪೆಟ್ಟಿಗೆಯಲ್ಲಿವೆ. ಕೆಲಸಕ್ಕೆ ಬಂದದ್ದು ಇಷ್ಟೇ: ಕೈಯಲ್ಲಿ ಹಿಡಿಯುವ ಆಡಿಯೊ ರೆಕಾರ್ಡರ್ ಸುಮಾರು ಎಂಟೂವರೆ ಸಾವಿರ, ಟ್ರೈಪಾಡ್ 1,200, ಮೆಮೊರಿ ಕಾರ್ಡ್ 700, ಕೇಬಲ್ಲು ಜ್ಯಾಕು ಸೇರಿ 500–600. ಚಿತ್ರಕ್ಕೆ ಮೊದಲೇ ಇದ್ದ ಫೋನು. ಹನ್ನೊಂದು ಸಾವಿರದೊಳಗೆ ಮುಗಿಯಿತು.

ಎಲ್ಲ ಮೈಕುಗಳ ಧ್ವನಿ ಸೇರುವ ಮಿಕ್ಸರಿನಿಂದಲೇ ನೇರ ಧ್ವನಿ ತೆಗೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಎಡವುವುದು ಅಲ್ಲಿಂದ ಮುಂದೆ. ಮೇನ್ ಔಟ್‌ನಿಂದ ತೆಗೆದರೆ (ಸ್ಪೀಕರುಗಳಿಗೆ ಹೋಗುವ ದಾರಿ) ಸೌಂಡ್ ನೋಡುವವರು ಸೀಟಿ ಬಂತೆಂದು ಫೇಡರ್ (ಧ್ವನಿ ಏರಿಳಿಸುವ ಜಾರುಗುಂಡಿ) ಇಳಿಸಿದಾಗಲೆಲ್ಲ ರೆಕಾರ್ಡಿಂಗೂ ಇಳಿಯುತ್ತದೆ. ಆಕ್ಸ್ ಸೆಂಡ್ (ಮಿಕ್ಸರಿನಿಂದ ಬೇರೆಯಾಗಿ ಧ್ವನಿ ಕೊಡುವ ದಾರಿ) ತೆಗೆದುಕೊಳ್ಳಿ, ಅದು ಪ್ರೀ-ಫೇಡರ್ ಇರಲಿ, ಅಂದರೆ ಫೇಡರಿಗೆ ಮುಂಚೆಯೇ ಧ್ವನಿ ತೆಗೆಯುವಂಥದ್ದು. ಇದಕ್ಕೂ ಒಂದು ತೊಡಕಿದೆ. ಹಾಡಿನವರು ಬೆಂಚಿನ ಮೇಲೆ ಇಟ್ಟುಹೋದ ಮೈಕಿನ ಫೇಡರ್ ಇಳಿಸಿದ್ದರೂ ಅದು ಆಕ್ಸ್‌ಗೆ ಹೋಗುತ್ತಲೇ ಇರುತ್ತದೆ. ಪ್ರಸಂಗದ ನಡುವೆ ಕೆಮ್ಮು, ಚಪ್ಪಲಿ ಸದ್ದು ಎಲ್ಲ ತುಂಬಿದ್ದು ಇದರಿಂದಲೇ. ಹಾಡು ಮುಗಿದ ಕೂಡಲೇ ಆ ಚಾನೆಲ್‌ಗಳ ಆಕ್ಸ್ ಗುಬುಟನ್ನೂ ಸೊನ್ನೆಗೆ ತರಬೇಕು.

ಎರಡು ತಿಂಗಳು ತಲೆ ಕೆಡಿಸಿದ ತಪ್ಪು ಬೇರೆಯದು. ಹೆಡ್‌ಫೋನಿನಲ್ಲಿ ಕೇಳಿದರೆ ಧ್ವನಿ ಸರಿ, ಆದರೆ ಒಂದೇ ಸ್ಪೀಕರಿನ ಫೋನಿನಲ್ಲಿ ಹಾಕಿದರೆ ಸಭಾಪಾಲಕರ ಮಾತೇ ಮಾಯ. ಕಾರಣ ಕೇಬಲ್ಲು. ನಮ್ಮ ಮಿಕ್ಸರಿನ ಔಟ್ ಬ್ಯಾಲೆನ್ಸ್ಡ್. ಟಿಪ್‌ನಲ್ಲಿ (ಜ್ಯಾಕಿನ ತುದಿ) ನೇರ ಸಿಗ್ನಲ್, ರಿಂಗ್‌ನಲ್ಲಿ (ನಡುವಿನ ಬಳೆ) ಅದೇ ಸಿಗ್ನಲ್ ತಲೆಕೆಳಗಾಗಿ ಬರುತ್ತದೆ. ಅದಕ್ಕೆ ಮೂರು ತುಂಡಿನ ಸ್ಟೀರಿಯೊ ಜ್ಯಾಕ್ ಹಾಕಿ ರೆಕಾರ್ಡರಿಗೆ ಕೊಟ್ಟರೆ ಎಡಕ್ಕೆ ನೇರದ್ದು, ಬಲಕ್ಕೆ ತಲೆಕೆಳಗಾದದ್ದು. ಫೋನು ಎರಡನ್ನೂ ಕೂಡಿಸಿದ ಕ್ಷಣ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಮಿಕ್ಸರ್ ಕಡೆ ಎರಡು ತುಂಡಿನ ಮೋನೊ ಜ್ಯಾಕ್ ಹಾಕಿ, ರೆಕಾರ್ಡರ್ ಕಡೆಯ 3.5 ಎಂಎಂ ಪಿನ್ನಿನಲ್ಲಿ ಟಿಪ್ಪು, ರಿಂಗು ಎರಡನ್ನೂ ಸೇರಿಸಿ ಬೆಸುಗೆ ಹಾಕಿದೆ, ಅಲ್ಲಿಗೆ ಮುಗಿಯಿತು. ಈಗಾಗಲೇ ಹೀಗೆ ರೆಕಾರ್ಡ್ ಆಗಿದ್ದರೆ ಎಸೆಯಬೇಡಿ. ಆಡಾಸಿಟಿ ಎಂಬ ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರಿನಲ್ಲಿ ಬಲಗಡೆಯದನ್ನು ಅಳಿಸಿ ಎಡಗಡೆಯದನ್ನೇ ಮೋನೊ ಮಾಡಿದರೆ ಪೂರ್ತಿ ಉಳಿಯುತ್ತದೆ.

ರೆಕಾರ್ಡರ್ ಇಲ್ಲದವರು ಫೋನಿನ ಮೈಕ್ ಜ್ಯಾಕಿಗೇ ಕೊಡುವುದಾದರೆ ಸಿಗ್ನಲ್ಲನ್ನು 40 ಡಿಬಿ (ಡೆಸಿಬೆಲ್) ಇಳಿಸಬೇಕು. ಸಾಲಿನಲ್ಲಿ 1 ಮೈಕ್ರೊಫ್ಯಾರಡ್ ಕೆಪಾಸಿಟರ್, ಅದರ ಹಿಂದೆ 220 ಕೆ (ಕಿಲೊ ಓಮ್) ರೆಸಿಸ್ಟರ್, ಮೈಕಿಗೂ ಗ್ರೌಂಡಿಗೂ ನಡುವೆ 2.2 ಕೆ. ಮೊದಲು 10 ಕೆ ಮತ್ತು 100 ಓಮ್ ಹಾಕಿದ್ದೆ. ಲೆಕ್ಕಕ್ಕೆ ಅದೂ 40 ಡಿಬಿಯೇ. ಆದರೆ 1 ಕೆ ಓಮ್‌ಗಿಂತ ಕಡಿಮೆ ಕಂಡರೆ ಫೋನು ಅದನ್ನು ಹೆಡ್‌ಸೆಟ್ಟಿನ ಬಟನ್ ಎಂದುಕೊಳ್ಳುತ್ತದೆ, ಮೈಕ್ ಎಂದು ಗುರುತಿಸುವುದೇ ಇಲ್ಲ.

ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಲ್ಯಾಪ್‌ಟಾಪಿನ ಚಾರ್ಜರ್ ಒಂದು ಪ್ಲಗ್ಗಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದಾಗ ಬರುತ್ತಿತ್ತು. ರೆಕಾರ್ಡರ್ ಸೆಲ್ಲಿನ ಮೇಲೆ ಓಡುವುದರಿಂದ ಆ ಕಾಟವೇ ಇಲ್ಲ. ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ. ಲ್ಯಾಪ್‌ಟಾಪಿನಲ್ಲೇ ಓಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ ರೆಕಾರ್ಡ್ ಮಾಡುವವರು ಫೈಲಿನ ಬಗೆ ಎಂಪಿ4 ಬಿಟ್ಟು ಎಂಕೆವಿ ಇಟ್ಟುಕೊಳ್ಳಿ. ನಡುವೆ ಯಂತ್ರ ಆರಿದರೆ ಸಾಮಾನ್ಯ ಎಂಪಿ4 ಫೈಲ್ ತೆರೆಯುವುದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿತನಕದ್ದು ಉಳಿಯುತ್ತದೆ. ಈಸ್ಟರ್ ಆರಾಧನೆಯೊಂದು ನಮ್ಮ ಕೈಬಿಟ್ಟದ್ದು ಹೀಗೆ.

ಬರೀ ಮಿಕ್ಸರಿನ ಧ್ವನಿಯಲ್ಲಿ ಸಭೆ ಹಾಡುವುದು ಕೇಳುವುದಿಲ್ಲ. ಮನೆಯಲ್ಲಿ ಕೂತವರಿಗೆ ಖಾಲಿ ಗುಡಿಯಲ್ಲಿ ಒಬ್ಬರೇ ಹಾಡಿದ ಹಾಗೆ. ಅದಕ್ಕೆ ಹಳೆಯ ಫೋನೊಂದನ್ನು ಸಭೆಯ ನಡುವೆ ಇಟ್ಟು ಅದರ ಧ್ವನಿಯನ್ನು ಸಣ್ಣಗೆ ಬೆರೆಸುತ್ತೇನೆ. ಧ್ವನಿ ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ. ಸಾಗುತ್ತದೆ. ಸ್ಪೀಕರಿನಿಂದ 8 ಮೀಟರ್ ದೂರ ಇಟ್ಟರೆ 23–24 ಮಿಲಿಸೆಕೆಂಡ್ ತಡ. ಅಷ್ಟನ್ನು ಹಿಂದಕ್ಕೆ ಎಳೆಯದಿದ್ದರೆ ಮಾತು ಕೊಡದೊಳಗಿಂದ ಬಂದಂತಿರುತ್ತದೆ. ಢೋಲಕ್ ಮೇಲೇರದ ಹಾಗೆ ಆ ಫೋನನ್ನು ಎಲ್ಲಿ, ಯಾವ ಕಡೆ ಮುಖ ಮಾಡಿ ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ.

ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುವುದಕ್ಕೆ ಎರಡು ಕಾರಣ. ಫೋನಿನ ವಿಡಿಯೊ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಒಂದೇ ಸಮ ಇರುವುದಿಲ್ಲ, ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಮಾಡಿಕೊಂಡೇ ಎಡಿಟಿಂಗಿಗೆ ಹಾಕಿ. ಮತ್ತೆ ಎರಡು ಯಂತ್ರಗಳ ಗಡಿಯಾರವೂ ಬೇರೆ. 85 ನಿಮಿಷಕ್ಕೆ ನಮ್ಮಲ್ಲಿ ಕಾಲು ಸೆಕೆಂಡಿನ ಆಸುಪಾಸು ಜಾರುತ್ತದೆ. ಶುರುವಿನಲ್ಲಿ ಒಂದು ಚಪ್ಪಾಳೆ, ಆಶೀರ್ವಾದದ ನಂತರ ಇನ್ನೊಂದು, ಎರಡು ಯಂತ್ರಗಳಲ್ಲೂ ಕೇಳುವ ಅವುಗಳಿಂದ ಜಾರಿದ್ದು ಎಷ್ಟೆಂದು ತಿಳಿಯುತ್ತದೆ. ಪ್ರಸಂಗಕ್ಕೆ ಮುಂಚಿನ ಮೌನದಲ್ಲಿ ಆಡಿಯೊ ಕತ್ತರಿಸಿ ಚಿತ್ರಕ್ಕೆ ಮತ್ತೆ ಕೂಡಿಸಿದರೆ ಸಾಕು.

ಚಿತ್ರದ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಟ್ಯೂಬ್‌ಲೈಟ್ ಮಿಣುಕದಂತೆ ಶಟರ್ 1/50, ಎಕ್ಸ್‌ಪೋಶರ್ ಸಭಾಪಾಲಕರ ಮುಖಕ್ಕೆ ಲಾಕ್, ಫೋನು ಏರೋಪ್ಲೇನ್ ಮೋಡಿನಲ್ಲಿ. ಮೇ ತಿಂಗಳಲ್ಲಿ 4ಕೆ ಇಟ್ಟರೆ ಫೋನು ಕಾದು ನಿಲ್ಲುತ್ತದೆ, 1080ಪಿ ಸಾಕು. ಶೀರ್ಷಿಕೆಯನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದು ಅಂಟಿಸಿದರೆ ಯೂಟ್ಯೂಬಿನಲ್ಲಿ ಗೀಚಿದ ಹಾಗೆ ಬರುತ್ತದೆ, ಯೂನಿಕೋಡ್‌ನಲ್ಲೇ ಬರೆಯಿರಿ.

ಹಾಕುವ ಮುಂಚೆ ಪ್ರಾರ್ಥನೆಯ ಕೋರಿಕೆಗಳನ್ನು ಪೂರ್ತಿ ಕತ್ತರಿಸುತ್ತೇನೆ. ಯಾರ ಮನೆಯಲ್ಲಿ ಯಾವ ಕಾಯಿಲೆ ಎಂಬುದು ಸಭೆಯೊಳಗಿನ ಮಾತು, ಊರಿಗೆಲ್ಲ ತೋರಿಸುವುದು ದೊಡ್ಡ ಅನ್ಯಾಯ. ಕೀಬೋರ್ಡಿನವರು ಪೆನ್‌ಡ್ರೈವಿನ ಟ್ರ್ಯಾಕ್ ಹಾಕಿ ಹಾಡಿದರೆ ಕಾಪಿರೈಟ್ ಕ್ಲೇಮ್ ಬರುತ್ತದೆ. ಕೀರ್ತನೆ ಎಷ್ಟೇ ಹಳೆಯದಾದರೂ ಆ ಟ್ರ್ಯಾಕಿಗೆ ಒಡೆಯರು ಇದ್ದಾರೆ. ಢೋಲಕ್, ಹಾರ್ಮೋನಿಯಂ ಕೈಯಲ್ಲೇ ಬಾರಿಸಿದ ವಾರ ಈ ತೊಂದರೆ ಬಂದದ್ದಿಲ್ಲ.

ಧ್ವನಿಯ ಮಟ್ಟ (ಒಟ್ಟಾರೆ ಜೋರಿನ ಅಳತೆಯಲ್ಲಿ) ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಹತ್ತಿರ ಇಡಿ. ಅದಕ್ಕಿಂತ ಜೋರಿದ್ದರೆ ಯೂಟ್ಯೂಬ್ ಇಳಿಸುತ್ತದೆ, ಕಡಿಮೆ ಇದ್ದರೆ ಏರಿಸುವುದಿಲ್ಲ. 720ಪಿ, ಎರಡೂವರೆ ಎಂಬಿಪಿಎಸ್‌ನಲ್ಲಿ ತೆಗೆದರೆ ಫೈಲ್ 1.6 ಜಿಬಿಯ ಹತ್ತಿರ. 5 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೆ ಮುಕ್ಕಾಲು ತಾಸಿನಲ್ಲಿ ಹೋಗುತ್ತದೆ. ಹೊಸ ಚಾನೆಲ್ ಆದರೆ ಫೋನ್ ನಂಬರ್ ವೆರಿಫೈ ಮಾಡಿ, ಇಲ್ಲದಿದ್ದರೆ 15 ನಿಮಿಷಕ್ಕಿಂತ ಉದ್ದದ್ದು ಹಾಕಲಾಗದು.

ಇನ್ನೊಂದು ಪ್ರಯೋಗ ನೆಟ್ಟೇ ಇಲ್ಲದ ಹಿರಿಯರಿಗೆ. ಆರಾಧನೆಯನ್ನು 64 ಕೆಬಿಪಿಎಸ್ ಮೋನೊ ಎಂಪಿ3 ಮಾಡಿದರೆ 41 ಎಂಬಿ ಆಗುತ್ತದೆ. 8 ಜಿಬಿ ಕಾರ್ಡಿನಲ್ಲಿ ಮೂರು ವರ್ಷದ ಭಾನುವಾರಗಳು ಹಿಡಿಯುತ್ತವೆ. ಎಂ4ಎ ಕೊಟ್ಟಿದ್ದೆ, ಕೆಲವು ಬಟನ್ ಫೋನುಗಳಲ್ಲಿ ಓಡಲೇ ಇಲ್ಲ. ಕನ್ನಡದ ಫೈಲ್ ಹೆಸರು ಅವುಗಳಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತದೆ. ಈಗ 01, 02 ಎಂದು ಅಂಕಿಯಲ್ಲೇ ಇಡುತ್ತೇನೆ, ಯಾವ ಭಾನುವಾರ ಯಾವ ಬೈಬಲ್ ವಾಕ್ಯ ಎಂಬ ಚೀಟಿ ಕಾರ್ಡಿನ ಜೊತೆ ಹೋಗುತ್ತದೆ.