ಮನೆಯಲ್ಲಿ ಬ್ಯಾಟರಿ ಕೆಲಸದವರಿದ್ದರೆ ಹೃದಯವನ್ನು ಸೀಸದಿಂದ ಕಾಯುವುದು ಹೇಗೆ

ಹಳೆ ಬ್ಯಾಟರಿ ಒಡೆಯುವವರು, ಸೀಸ ಕರಗಿಸುವವರು, ಹಳೆ ಪೇಂಟ್ ಉಜ್ಜುವವರು ಮನೆಯಲ್ಲಿದ್ದಾರಾ? ಹಾಗಾದ್ರೆ ಇದು ನಿಮಗೆ. ಸೀಸ ಅಂದ್ರೆ ಮಕ್ಕಳ ಬುದ್ಧಿಗೆ ಪೆಟ್ಟು ಅಂತ ಕೇಳಿರುತ್ತೀರಿ, ಹೃದಯದ ಮಾತು ಯಾರೂ ಎತ್ತುವುದಿಲ್ಲ. ಆದರೆ ಹೃದಯದ ಸ್ನಾಯು ಪ್ರತಿ ಸಲ ಮಿಡಿಯಲು ಕ್ಯಾಲ್ಸಿಯಂ ಬೇಕು, ಸೀಸ ಅದರ ವೇಷ ಹಾಕಿಕೊಂಡು ಅದೇ ಜಾಗಕ್ಕೆ ನುಗ್ಗುತ್ತದೆ. ಮೇಲೆ ಬಿಪಿಯನ್ನೂ ಏರಿಸುತ್ತದೆ. ವರ್ಷಗಟ್ಟಲೆ ಆ ಒತ್ತಡದ ಎದುರು ರಕ್ತ ತಳ್ಳಿ ತಳ್ಳಿ ಹೃದಯದ ಎಡಭಾಗದ ಗೋಡೆ ದಪ್ಪಗಾಗಿ ಬಿಗಿಯಬಹುದು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೀಸದ ಜೊತೆಗೆ ಕ್ಯಾಡ್ಮಿಯಂ, ಆರ್ಸೆನಿಕ್ ಅನ್ನುವ ಇನ್ನೆರಡು ವಿಷವಸ್ತು, ಹೀಗೆ ಮೂರೂ ಹೃದ್ರೋಗದ ಅಪಾಯ ಹೆಚ್ಚಿಸುತ್ತವೆ ಅಂತ ಹೇಳಿಕೆಯನ್ನೇ ಕೊಟ್ಟಿತು.

ಮೊದಲು ಬಟ್ಟೆ, ಸೀಸದ ಧೂಳು ಅದರ ಜೊತೆಗೇ ಮನೆಗೆ ಬರುತ್ತದೆ. ಕೆಲಸದ ಅಂಗಿ, ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ. ಆಗದಿದ್ದರೆ ಬಾಗಿಲಲ್ಲೇ ಕಳಚಿ ಬೇರೆ ಬಕೆಟ್‌ನಲ್ಲಿ ಒಗೆಯಿರಿ, ಸ್ನಾನ ಮಾಡಿ ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಕಸಪೊರಕೆ ಹಾಕಿದರೆ ಧೂಳು ಎದ್ದು ಮತ್ತೆ ಮೂಗಿಗೇ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ತೊಳೆಯದೆ ಬೀಡಿ ಹಚ್ಚಬೇಡಿ: ಬೆರಳಲ್ಲಿ ಸೀಸ, ಹೊಗೆಸೊಪ್ಪಿನಲ್ಲಿ ಕ್ಯಾಡ್ಮಿಯಂ, ಎರಡೂ ಒಟ್ಟಿಗೆ ಒಳಗೆ! ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಈ ಧೂಳು ನಿಲ್ಲುವುದಿಲ್ಲ, ಅದಕ್ಕೆ ಸರಿಯಾದ ರೆಸ್ಪಿರೇಟರ್, ಅಂದ್ರೆ ಧೂಳು ಸೋಸುವ ಬಿಗಿ ಮಾಸ್ಕ್ ಬೇಕು.

ಹಸಿದ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ. ಮುದ್ದೆ ಉಂಡೇ ಹೋಗಿ. ರಾಗಿಯ ಕ್ಯಾಲ್ಸಿಯಂ, ಸೊಪ್ಪಿನ ಕಬ್ಬಿಣ ಸುಮ್ನೆ ಅಲ್ಲ, ಇವು ಕಡಿಮೆ ಇದ್ದವರ ಮೈ ಸೀಸವನ್ನು ಹೆಚ್ಚು ಒಳಗೆ ಬಿಟ್ಟುಕೊಳ್ಳುತ್ತದೆ.

ಪರೀಕ್ಷೆಗೆ ಲ್ಯಾಬ್‌ನಲ್ಲಿ ‘ಬ್ಲಡ್ ಲೆಡ್’ (ರಕ್ತದಲ್ಲಿನ ಸೀಸ) ಅಂತ ಕೇಳಿ. ಸೀರಂ (ಕಣಗಳನ್ನು ತೆಗೆದ ರಕ್ತದ ನೀರು) ಅಲ್ಲ, ಇಡೀ ರಕ್ತವೇ ಬೇಕು, ಯಾಕಂದ್ರೆ ಸೀಸ ಕೂತಿರುವುದು ಕೆಂಪು ಕಣಗಳಲ್ಲಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೂಲ ಹುಡುಕಿ ನಿಲ್ಲಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಡಿಮೆ ಬಂತು ಅಂತ ಹಿಗ್ಗಬೇಡಿ. ರಕ್ತ ಹೇಳುವುದು ಈಚಿನ ತಿಂಗಳುಗಳ ಕಥೆ ಮಾತ್ರ, ಮೂಳೆಯೊಳಗೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಇರುತ್ತದೆ. ಜೊತೆಗೆ ಬಿಪಿ, ಹಿಮೋಗ್ಲೋಬಿನ್, ಕಿಡ್ನಿಗೆ ಕ್ರಿಯಾಟಿನಿನ್ ನೋಡಿಸಿ.

‘ಡಿಟಾಕ್ಸ್’ ಪುಡಿ ತಂದು ಕುಡಿಯಬೇಡಿ. ಸೀಸವೇ ಇರುವ ಭಸ್ಮಗಳೂ ಉಂಟು! ಮೈಯೊಳಗಿನ ಸೀಸವನ್ನು ಹಿಡಿದು ಹೊರಹಾಕುವ ಕೀಲೇಶನ್ ಮದ್ದು ಡಾಕ್ಟರ್ ಹೇಳಿದರೆ ಮಾತ್ರ, ಅದೂ ಸೀಸದ ಸಂಪರ್ಕ ನಿಂತ ಮೇಲೆ.

ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಲ್ಲಿ ಊತ, ಎದೆ ಡವಡವ ಇದ್ದರೆ ತಡ ಮಾಡದೆ ತೋರಿಸಿ, ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಬೇಕಾಗಬಹುದು. ಎದೆನೋವು ಬಂದರಂತೂ ನೇರ ಆಸ್ಪತ್ರೆಗೆ. ಡಾಕ್ಟರ್ ಕೇಳದಿದ್ದರೂ ‘ನಾನು ಬ್ಯಾಟರಿ ಕೆಲಸ ಮಾಡ್ತೀನಿ’ ಅಂತ ನೀವೇ ಹೇಳಿ.